ಕರೆಂಟಿನ ಬ್ರಷ್ಷು: ಬೆಲೆ ಎಷ್ಟು, ಬಾಳಿಕೆ ಎಷ್ಟು?

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬುದು ನಮ್ಮ ಹಿರಿಯರ ಗಾದೆ. ಈಗಿನ ಕಾಲದಲ್ಲಿ ಇವೆರಡೂ ಇದ್ದವನಿಗೆ ಬ್ರಷ್ಷಿನ ಬ್ಯಾಟರಿಯಿಲ್ಲ ಎಂದೂ ಸೇರಿಸಬೇಕಾಗಿದೆ.

ಘೋಡ ನದಿಯ ದಂಡೆಯ ಈ ಶಿರೂರಿಗೂ ನಮ್ಮ ಬೈಂದೂರಿನ ಹತ್ತಿರದ ಶಿರೂರಿಗೂ ಹೆಸರಿನ ನಂಟು. ಇಲ್ಲಿಯ ಹೆದ್ದಾರಿಯ ಹೋಟೆಲುಗಳಲ್ಲಿಯೂ ರಾಂಜಣಗಾಂವದ ಕಾರಖಾನೆಗಳಲ್ಲಿಯೂ ದುಡಿಯುವ ನಮ್ಮ ತರುಣರ ಕೋಣೆಗಳಲ್ಲಿ ಈಚೆಗೆ ಕರೆಂಟಿನ ಹಲ್ಲುಜ್ಜುವ ಬ್ರಷ್ಷು ಕಾಣಿಸಿಕೊಂಡಿದೆ. ಮೊಬೈಲಿನಲ್ಲಿ ಒತ್ತಿದರೆ ಕೋಣೆಯ ಬಾಗಿಲಿಗೇ ಬರುತ್ತದೆ. ಹಣ ಕಂತಿನಲ್ಲಿ ಕೊಟ್ಟರೂ ಆದೀತು. ಕಾರ್ಮಿಕನಿಗೇಕೆ ಇಂಥ ಶೋಕಿ ಎಂದು ನಗುವವರಿದ್ದಾರೆ. ಅವರ ಪಂಕ್ತಿಯಲ್ಲಿ ನಾನು ಕೂಡುವವನಲ್ಲ. ದುಡಿದವನು ಒಳ್ಳೆಯ ವಸ್ತುವನ್ನು ಬಯಸುವುದರಲ್ಲಿ ತಪ್ಪೇನೂ ಇಲ್ಲ. ಕೊಟ್ಟ ಹಣಕ್ಕೆ ತಕ್ಕ ಬಾಳಿಕೆ ಬಂತೇ ಎಂಬುದಷ್ಟೇ ಇಲ್ಲಿ ವಿಚಾರಿಸತಕ್ಕ ವಿಷಯ.

ಈ ಯಂತ್ರ ನಿನ್ನೆ ಮೊನ್ನೆಯದಲ್ಲ. 1954ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಬ್ರಾಕ್ಸೊಡೆಂಟ್ ಎಂಬ ಹೆಸರಿನಿಂದ ಹುಟ್ಟಿತು. 1960ರಲ್ಲಿ ಅಮೆರಿಕದ ಪೇಟೆಗೆ ಬಂತು. ಮೊದಲು ಅದಕ್ಕೆ ಗೋಡೆಯ ಪ್ಲಗ್ಗಿನಿಂದ ತಂತಿ ಎಳೆಯಬೇಕಾಗಿತ್ತು. ಮರುವರ್ಷವೇ ತಂತಿಯಿಲ್ಲದೆ ಬ್ಯಾಟರಿಯಿಂದ ನಡೆಯುವುದೂ ಬಂದಿತು. ತಂತಿ ಹೋದದ್ದು ಅನುಕೂಲವೇ. ಆದರೆ ವಸ್ತುವಿನ ಆಯುಷ್ಯ ಅಂದಿನಿಂದ ಬ್ಯಾಟರಿಯ ಆಯುಷ್ಯಕ್ಕೆ ಗಂಟು ಬಿದ್ದಿತು.

ಇದರಿಂದ ಪ್ರಯೋಜನವಿಲ್ಲವೆಂದು ಹೇಳಿದರೆ ಸುಳ್ಳಾದೀತು. ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧಕರ ಸಂಸ್ಥೆ 1964ರಿಂದ 2011ರವರೆಗಿನ 56 ಪ್ರಯೋಗಗಳನ್ನು ಒಟ್ಟುಗೂಡಿಸಿ 2014ರಲ್ಲಿ ವರದಿ ಕೊಟ್ಟಿತು. ಮೂರು ತಿಂಗಳಿಗಿಂತ ಹೆಚ್ಚು ಬಳಸಿದಾಗ ಕೈಬ್ರಷ್ಷಿಗಿಂತ ಕರೆಂಟಿನದು ಹಲ್ಲಿನ ಪಾಚಿಯನ್ನು ಶೇಕಡಾ 21ರಷ್ಟು, ವಸಡಿನ ಉರಿಯೂತವನ್ನು ಶೇಕಡಾ 11ರಷ್ಟು ಹೆಚ್ಚು ಇಳಿಸಿತೆಂದು ಅದರಲ್ಲಿದೆ. ಇಷ್ಟರಿಂದ ಬಾಯಿಯ ಆರೋಗ್ಯಕ್ಕೆ ನಿಜವಾಗಿ ಎಷ್ಟು ಲಾಭವೆಂಬುದು ಸ್ಪಷ್ಟವಿಲ್ಲವೆಂದೂ ಅವರೇ ಬರೆದಿದ್ದಾರೆ. ಜೊತೆಗೆ ಇನ್ನೊಂದು ಮಾತಿದೆ: ಬೆಲೆ ಎಷ್ಟು, ಯಂತ್ರ ಎಷ್ಟು ನಂಬಿಕೆಯಿಂದ ನಡೆಯಿತು ಎಂಬ ವಿವರ ಆ ಪ್ರಯೋಗಗಳಲ್ಲಿ ಸರಿಯಾಗಿ ದಾಖಲಾಗಿಲ್ಲ. ಹಲ್ಲನ್ನು ಅಳೆದವರು ಜೇಬನ್ನು ಅಳೆಯಲಿಲ್ಲ. ಆ ಅಳತೆಯನ್ನು ನಾವೇ ಮಾಡಿಕೊಳ್ಳಬೇಕಾಗಿದೆ.

ಲೆಕ್ಕಕ್ಕಾಗಿ ಯಂತ್ರದ ಬೆಲೆ ರೂ. 2,000 ಎಂದು ಹಿಡಿಯೋಣ. ನಮ್ಮಲ್ಲಿ ಅನೇಕರಿಗೆ ಇದು ಮೂರು ನಾಲ್ಕು ದಿನದ ಪಗಾರ. ಐದು ವರ್ಷ ಬಾಳಿದರೆ ತಿಂಗಳಿಗೆ ಸುಮಾರು 33 ರೂಪಾಯಿ ಬಿದ್ದಂತಾಯಿತು. ಒಂದೂವರೆ ವರ್ಷಕ್ಕೆ ನಿಂತುಹೋದರೆ ತಿಂಗಳಿಗೆ 111 ರೂಪಾಯಿ. ಪೆಟ್ಟಿಗೆಯ ಮೇಲಿನ ಬೆಲೆ ಒಂದೇ, ತೆತ್ತ ಬೆಲೆ ಮೂರು ಪಾಲಿಗಿಂತ ಹೆಚ್ಚು. ಆದ್ದರಿಂದ ಬಾಳಿಕೆ ತಿಳಿಯದೆ ಬೆಲೆ ತಿಳಿಯಿತೆಂದು ಹೇಳುವುದು ಅಕ್ಕಿ ಅಳೆಯದೆ ಇಡ್ಲಿಯ ಲೆಕ್ಕ ಹಾಕಿದಂತೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಬ್ರಷ್ಷಿನ ತಲೆಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಮೂರು ವರ್ಷಕ್ಕೆ ಹನ್ನೆರಡು ತಲೆ; ಯಂತ್ರದ ಜೊತೆಗೆ ಬಂದ ಒಂದನ್ನು ಬಿಟ್ಟರೆ ಹನ್ನೊಂದು. ತಲೆಗೆ ರೂ. 250ರಂತೆ ರೂ. 2,750, ಅಂದರೆ ಯಂತ್ರಕ್ಕಿಂತ ತಲೆಯ ಖರ್ಚೇ ಹೆಚ್ಚು! ಒಂದು ಕಂಪನಿಯ ತಲೆ ಇನ್ನೊಂದರ ಹಿಡಿಕೆಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಆ ಮಾದರಿಯ ತಲೆ ಪೇಟೆಯಲ್ಲಿ ನಿಂತುಹೋದರೆ ಗಟ್ಟಿಮುಟ್ಟಾದ ಯಂತ್ರವೂ ಮೂಲೆಗೆ. ಅದೇ ಮೂರು ವರ್ಷಕ್ಕೆ 30 ರೂಪಾಯಿಯ ಕೈಬ್ರಷ್ಷು ಹನ್ನೆರಡು ಕೊಂಡರೆ ರೂ. 360. ಕೈಬ್ರಷ್ಷಿನ ಮೇಲೂ ಪೇಸ್ಟಿನ ಮೇಲೂ ಶೇಕಡಾ 18 ಇದ್ದ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿಸಿದ್ದಾರೆ ಎಂಬುದನ್ನೂ ಅಂಗಡಿಯಲ್ಲಿ ನೆನಪಿಡತಕ್ಕದ್ದು.

ಇನ್ನು ಯಂತ್ರ ಕೆಡುವುದು ಹೇಗೆ? ಲಿಥಿಯಂ ಬ್ಯಾಟರಿ ಚಾರ್ಜು ಮಾಡಿದಷ್ಟೂ ಸ್ವಲ್ಪ ಸ್ವಲ್ಪವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಅದು ಅದರ ಗುಣ. ತಲೆ ಕೂಡುವ ಕಡ್ಡಿಯ ಬುಡದಲ್ಲಿ ರಬ್ಬರ್ ಸಡಿಲಾದರೆ ನೀರು ಒಳಗಿಳಿಯುತ್ತದೆ. ಒರೆಸದೆ ಬಿಟ್ಟ ಪೇಸ್ಟು ಅಲ್ಲೇ ಗಟ್ಟಿಯಾಗುತ್ತದೆ. ಎಂಟು ಜನರ ಕೋಣೆಯಲ್ಲಿ ಒಂದೇ ಪ್ಲಗ್ಗು. ಮೊಬೈಲುಗಳ ಸರದಿ ಮುಗಿದ ಮೇಲೆ ಬ್ರಷ್ಷಿನ ಸರದಿ. ಆದರೆ ಮುಖ್ಯವಾದ ಅನ್ಯಾಯ ಬೇರೆ. ಎಷ್ಟೋ ಮಾದರಿಗಳಲ್ಲಿ ಹಿಡಿಕೆಯನ್ನು ಅಂಟಿಸಿ ಮುಚ್ಚಿರುತ್ತಾರೆ. ನೂರಾರು ರೂಪಾಯಿಯ ಬ್ಯಾಟರಿ ಸತ್ತರೆ ಸಾವಿರಾರು ರೂಪಾಯಿಯ ಯಂತ್ರವನ್ನೇ ಕಸಕ್ಕೆ ಹಾಕಬೇಕು. ರಾಂಜಣಗಾಂವದ ಕಾರಖಾನೆಗಳಲ್ಲಿ ಫ್ರಿಜ್ಜು, ವಾಷಿಂಗ್ ಮಷೀನು ಜೋಡಿಸುವ ಸಂಗಾತಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಕ್ರೂ ಹಾಕಿದ್ದನ್ನು ಬಿಚ್ಚಬಹುದು, ಅಂಟು ಹಾಕಿದ್ದನ್ನು ಒಡೆಯಬೇಕು. ನಮ್ಮ ಹೋಟೆಲಿನ ಗ್ರೈಂಡರಿನ ಬೆಲ್ಟು ಹರಿದರೆ ಯಾವ ಸೇಠನಾದರೂ ಗ್ರೈಂಡರನ್ನೇ ಎಸೆಯುತ್ತಾನೆಯೇ?

ನೀರು ತಾಗುವ ವಸ್ತುವಾದ್ದರಿಂದ ಮುಚ್ಚಲೇಬೇಕು ಎಂದು ಕಂಪನಿಗಳು ಹೇಳುತ್ತವೆ. ಆ ಮಾತಿಗೆ ಯುರೋಪಿನವರು ಉತ್ತರ ಕೊಟ್ಟಿದ್ದಾರೆ. ಅಲ್ಲಿ 2023ರಲ್ಲಿ ಆದ ಬ್ಯಾಟರಿ ಕಾನೂನಿನಂತೆ, 2027ರ ಫೆಬ್ರವರಿ 18ರಿಂದ ಸಣ್ಣ ಯಂತ್ರಗಳ ಬ್ಯಾಟರಿಯನ್ನು ಕೊಂಡವನೇ ತೆಗೆದು ಹಾಕುವಂತಿರಬೇಕು. ನೀರಿನಲ್ಲಿ ಬಳಸುವಂಥವುಗಳಿಗೆ ಸ್ವಲ್ಪ ರಿಯಾಯಿತಿ ಕೊಟ್ಟರೂ ಹೊರಗಿನ ಮಿಸ್ತ್ರಿಯಾದರೂ ಬದಲಿಸಲು ಬರುವಂತಿರಬೇಕು. ನಮ್ಮಲ್ಲಿಯೂ ಕೇಂದ್ರ ಸರಕಾರ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ನೇಮಿಸಿತು. ಸಮಿತಿಯಿಂದ ಬ್ಯಾಟರಿ ಬದಲಾಗದು. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಬ್ಯಾಟರಿ ಬದಲಿಸಲು ಬರುತ್ತದೆಯೇ ಎಂಬುದನ್ನು ಬೆಲೆಯ ಪಕ್ಕದಲ್ಲಿಯೇ ಅಚ್ಚು ಮಾಡಬೇಕೆಂಬ ಕಾನೂನು ಬೇಕು. ಅದನ್ನು ನಮ್ಮ ಸಂಘಗಳು ಕೇಳಬೇಕು.

ಹಾಗಾದರೆ ಕೊಳ್ಳಬೇಕೇ ಬೇಡವೇ? ಕೈಗೆ ಪೆಟ್ಟಾದವರು, ಬೆರಳಿನ ಗಂಟು ಹಿಡಿದ ಹಿರಿಯರು ಕೊಳ್ಳಲಿ. ಅವರಿಗೆ ಅದು ಶೋಕಿಯಲ್ಲ, ಸಹಾಯ. ಉಳಿದವರಿಗೆ ಮೆದು ಕೂದಲಿನ ಕೈಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು, ದಿನಕ್ಕೆ ಎರಡು ಸಲ ಎರಡೆರಡು ನಿಮಿಷ ಸಾಕು. ಊರಲ್ಲಿ ಮಾವಿನೆಲೆ, ಉಮಿಕರಿಯಿಂದ ಉಜ್ಜಿದವರು ನಾವು. ಇಲ್ಲಿಗೆ ಬಂದು ಮಶೇರಿಗೆ ಕೈ ಹಾಕಬೇಡಿರಿ. ಅದು ಹುರಿದ ಹೊಗೆಸೊಪ್ಪು, ಬಾಯಿಯ ಕ್ಯಾನ್ಸರಿಗೆ ದಾರಿ. ಕೊಳ್ಳುವುದೇ ಆದರೆ ರಸೀದಿ ಇಟ್ಟುಕೊಳ್ಳಿರಿ, ಗ್ಯಾರಂಟಿಯ ಅವಧಿ ನೋಡಿರಿ, ತಲೆಯ ಬೆಲೆ ಮೊದಲೇ ಕೇಳಿರಿ. ಗ್ಯಾರಂಟಿಯೊಳಗೆ ಕೆಟ್ಟು ಅಂಗಡಿಯವನು ಕೈ ಝಾಡಿಸಿದರೆ 1915 ನಂಬರಿನ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿರಿ. ಐದು ಲಕ್ಷ ರೂಪಾಯಿಯವರೆಗಿನ ಮಾಲಿನ ತಕರಾರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ.

ಕೊನೆಯದಾಗಿ ಒಂದು ಮಾತು. ನಮ್ಮವರ ಹಲ್ಲು ಕೆಡುವುದು ಬ್ರಷ್ಷಿನ ದೋಷದಿಂದ ಮಾತ್ರವಲ್ಲ. ಬೆಳಗಿನಿಂದ ಹತ್ತು ಸಲ ಸಕ್ಕರೆ ಚಹಾ ಕುಡಿದು, ರಾತ್ರಿ ಹನ್ನೆರಡಕ್ಕೆ ಮೇಜು ಒರೆಸಿ, ಬಾಯಿಯನ್ನೂ ತೊಳೆಯದೆ ಮಲಗುವ ಮಾಣಿಗೆ ಯಾವ ಯಂತ್ರ ಕೊಟ್ಟರೇನು? ಮಲಗುವ ಮುನ್ನ ಹತ್ತು ನಿಮಿಷದ ಬಿಡುವು, ಕೋಣೆಯ ಹತ್ತಿರ ನಲ್ಲಿ, ಹಲ್ಲು ನೋವೆಂದರೆ ಪಗಾರ ಕತ್ತರಿಸದ ಅರ್ಧ ದಿನದ ರಜೆ, ಇವು ನಮ್ಮ ಬೇಡಿಕೆ. ಇ.ಎಸ್.ಐ. ಜಾರಿಯಿರುವಲ್ಲಿ ಹತ್ತು ಜನ ದುಡಿಯುವ ಹೋಟೆಲೂ ಅದರೊಳಗೆ ಬರುತ್ತದೆ. ಕಾರ್ಮಿಕನಿಂದ ಪಗಾರದ ಶೇಕಡಾ 0.75, ಮಾಲೀಕನಿಂದ ಶೇಕಡಾ 3.25. ನಿಮ್ಮ ಹೆಸರು ಅದರಲ್ಲಿ ದಾಖಲಾಗಿದೆಯೇ ಎಂದು ಈ ವಾರವೇ ವಿಚಾರಿಸಿರಿ. ಇಲ್ಲವೆಂದಾದರೆ ಒಬ್ಬೊಬ್ಬರೇ ಗಲ್ಲೆಯ ಮುಂದೆ ನಿಲ್ಲಬೇಡಿರಿ, ಸಂಘಕ್ಕೆ ಬನ್ನಿರಿ. ಕೂಡಿಯೇ ಹೋಗಿ ಕೇಳೋಣ.