ಮರಳಿ ಬಂದವನಿಗೆ ಮಣೆ

ತಪ್ಪಿದವನನ್ನು ಕ್ಷಮಿಸಬೇಕೆಂದು ಬೋಧಿಸದ ಧರ್ಮವಿಲ್ಲ. ಆದರೆ ಕ್ಷಮಿಸಿದ ಮೇಲೆ ಅವನನ್ನು ಎಲ್ಲಿ ಕುಳ್ಳಿರಿಸಬೇಕೆಂಬ ಪ್ರಶ್ನೆ ಎದ್ದಾಗ ಊರಿಗೆ ಊರೇ ಮೌನ ತಾಳುವುದುಂಟು.

ಕಾರವಾರದಿಂದ ಅಂಕೋಲೆಯವರೆಗಿನ ಕರಾವಳಿಯಲ್ಲಿ ಕೊಂಕಣಿಯಾಡುವ ಕ್ರೈಸ್ತ ಕುಟುಂಬಗಳು ತಲೆತಲಾಂತರದಿಂದ ನೆಲೆಸಿವೆ. ಇಲ್ಲಿನ ಕೆಥೋಲಿಕರು 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟು ರೂಪುಗೊಂಡ ಕಾರವಾರ ಧರ್ಮಪ್ರಾಂತ್ಯಕ್ಕೆ ಸೇರಿದವರು. ಪಾಪನಿವೇದನೆಗೆ ಕೊಂಕಣಿಯಲ್ಲಿ ‘ಕುಮ್ಸಾರ್’ ಎಂದು ಹೆಸರು. ಪೋರ್ತುಗೀಜರ ನುಡಿಯಿಂದ ಬಂದು ಮನೆಮಾತಾಗಿ ನಿಂತ ಶಬ್ದವದು. ವಿಭೂತಿ ಬುಧವಾರ ಹಣೆಗೆ ಬೂದಿ ಧರಿಸಿದವರು ಈಸ್ಟರ್ ಹಬ್ಬಕ್ಕೆ ಮುನ್ನ ಪಾದ್ರಿಯ ಮುಂದೆ ಮಂಡಿಯೂರಿ ತಪ್ಪೊಪ್ಪಿಕೊಳ್ಳುವುದು ವಾಡಿಕೆ. ವರ್ಷಕ್ಕೊಮ್ಮೆಯಾದರೂ ಹೀಗೆ ಮಾಡಬೇಕೆಂಬ ವಿಧಿಯನ್ನು 1215ರ ಲ್ಯಾಟರನ್ ಮಹಾಸಭೆ ಗೊತ್ತುಪಡಿಸಿತು. ಅಲ್ಲಿ ಕೇಳಿದ ಗುಟ್ಟನ್ನು ಪಾದ್ರಿ ಪ್ರಾಣ ಹೋದರೂ ಹೊರಗೆಡಹಕೂಡದು.

ಗುಟ್ಟಿನ ಪಾಪದ ಮಾತು ಇಲ್ಲಿಗೆ ಮುಗಿಯಿತು. ಊರೆಲ್ಲ ಬಲ್ಲ ಪಾಪದ ಗತಿಯೇನು? ಕುಡಿತಕ್ಕೆ ಬಿದ್ದು ಮನೆಯನ್ನು ಬೀದಿಗೆ ತಂದವನು, ಸಂಘದ ಹಣವನ್ನು ನುಂಗಿದವನು, ಹೆಂಡತಿ ಮಕ್ಕಳನ್ನು ತೊರೆದು ಹೋಗಿ ವರ್ಷಗಳ ಮೇಲೆ ಹಿಂದಿರುಗಿದವನು, ಇವರೂ ಕುಮ್ಸಾರ್ ಮಾಡುತ್ತಾರೆ. ಪಾದ್ರಿ ಕೈಯೆತ್ತಿ ಹರಸಲು ನಿಮಿಷ ಸಾಕು. ಇಗರ್ಜಿಯ ಬೆಂಚಿನಲ್ಲಿ ನೆರೆಯವರು ತುಸು ಸರಿದು ಜಾಗ ಕೊಡಲು ವರ್ಷಗಳೇ ಬೇಕಾಗುತ್ತವೆ.

ಏಸುಸ್ವಾಮಿ ಹೇಳಿದ ದುಂದುಗಾರ ಮಗನ ಕಥೆ ಯಾರಿಗೆ ತಿಳಿಯದು? ಹಂದಿ ಕಾಯ್ದು, ಹಸಿದು, ಹರಕುಬಟ್ಟೆಯಲ್ಲಿ ಬಂದ ಮಗನಿಗೆ ತಂದೆ ಒಳ್ಳೆಯ ನಿಲುವಂಗಿ ತೊಡಿಸಿದನು. ಬೆರಳಿಗೆ ಉಂಗುರ, ಕಾಲಿಗೆ ಕೆರ ಕೊಡಿಸಿ ಔತಣ ಮಾಡಿಸಿದನು. ಹೊಲದಿಂದ ಬಂದ ಹಿರಿಯ ಮಗ ಮಾತ್ರ ಮುನಿದು ಹೊರಗೇ ನಿಂತನು. ಅವನು ಕೊನೆಗೆ ಒಳಗೆ ಹೋದನೋ ಇಲ್ಲವೋ ಕಥೆ ಹೇಳುವುದಿಲ್ಲ. ಆ ಉತ್ತರವನ್ನು ಪ್ರತಿಯೊಂದು ಸಭೆಯೂ ತಾನೇ ಬರೆಯಬೇಕಾಗಿದೆ.

ಈ ಪ್ರಶ್ನೆ ಬಹು ಹಳೆಯದು. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್ ಎಲ್ಲರೂ ರಾಜ್ಯದ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞಾಪಿಸಿದಾಗ, ಎಷ್ಟೋ ಕ್ರೈಸ್ತರು ಹೆದರಿ ಮಣಿದರು. ಹಾವಳಿ ತಗ್ಗಿದ ಬಳಿಕ ಅವರು ಅಳುತ್ತ ಮರಳಿದರು. ಅವರನ್ನು ಸೇರಿಸಿಕೊಳ್ಳಲೇಕೂಡದೆಂದು ರೋಮಿನ ನೊವೇಷಿಯನ್ ಹಟ ಹಿಡಿದನು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮಧ್ಯಮಾರ್ಗ ಹಿಡಿದು, ಒಬ್ಬೊಬ್ಬನ ತಪ್ಪಿನ ತೂಕ ನೋಡಿ ಪ್ರಾಯಶ್ಚಿತ್ತ ವಿಧಿಸಿ, ಬಾಗಿಲನ್ನು ತೆರೆದೇ ಇಟ್ಟನು.

ಕನ್ನಡನಾಡಿಗೂ ಇಂಥದೇ ಪರೀಕ್ಷೆ ಒದಗಿತು. ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯ ಮೇಲೆ ಟೀಪೂ ಸುಲ್ತಾನನು 1784ರಲ್ಲಿ ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅನೇಕರು ಮಡಿದರು, ಅನೇಕರು ಬಲಾತ್ಕಾರಕ್ಕೆ ಮಣಿದು ಮತ ಬದಲಿಸಿದರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಚೆದುರಿದ ಕ್ರೈಸ್ತರನ್ನು ಒಗ್ಗೂಡಿಸಲು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಅಲ್ಲಿಗೆ ಬಂದರು. ಮತ ತೊರೆಯಬೇಕಾಗಿ ಬಂದಿದ್ದವರನ್ನು ಅವರು ಮತ್ತೆ ಸಭೆಗೆ ಸೇರಿಸಿಕೊಂಡರು. ಆಶೀರ್ವಾದವೊಂದನ್ನೇ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಬಡವರಿಗಾಗಿ ಬೇಸಾಯದ ನೆಲೆಗಳನ್ನು ಏರ್ಪಡಿಸಿದರು, ಸಿಡುಬಿಗೆ ದೇವಿ ಹಾಕಿಸುವ ಕೆಲಸವನ್ನೂ ಕೈಗೊಂಡರು. ಮರಳಿ ಬಂದವನಿಗೆ ಹೊಲ ಬೇಕು, ನೇಗಿಲು ಬೇಕು, ನೆರೆಹೊರೆ ಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು.

ಬಲಾತ್ಕಾರಕ್ಕೆ ಮಣಿದವನೂ ಲೋಭಕ್ಕೆ ಬಿದ್ದವನೂ ಒಂದೇ ತೂಕದವರಲ್ಲ, ದಿಟ. ಸಂಘದ ಹಣ ನುಂಗಿದವನು ಮೊದಲು ಹಣ ಹಿಂದಿರುಗಿಸಲಿ. ಪೆಟ್ಟಿಗೆಯ ಬೀಗದ ಕೈಯನ್ನು ಮರುದಿನವೇ ಅವನ ಕೈಗೆ ಕೊಡುವುದು ಔದಾರ್ಯವಲ್ಲ, ಅವಿವೇಕ. ನೊಂದವರ ಬಾಯಿ ಮುಚ್ಚಿಸಿ ಪಡೆದ ಕ್ಷಮೆಯೂ ಕ್ಷಮೆಯಲ್ಲ. ಕಾನೂನು ವಿಧಿಸುವ ದಂಡವನ್ನು ಕುಮ್ಸಾರ್ ಅಳಿಸಲಾರದು. ಆದರೆ ಬೀಗದ ಕೈ ಕೊಡದಿದ್ದರೂ ಹಬ್ಬದ ಚಪ್ಪರಕ್ಕೆ ಕಂಬ ನೆಡಲು ಕರೆಯಬಹುದು. ಅವನ ಮಗಳ ಮದುವೆಗೆ ಹೋಗಿ ಉಂಡು ಬರಬಹುದು. ಅವನು ಕಾಯಿಲೆ ಬಿದ್ದಾಗ ಬಾಗಿಲು ತಟ್ಟಬಹುದು. ತಪ್ಪಿಗೆ ತಕ್ಕ ಕಟ್ಟು ಇರಲಿ. ಆ ಕಟ್ಟಿಗೊಂದು ಅವಧಿಯೂ ಇರಲಿ.

ರವೀಂದ್ರನಾಥ ಠಾಕೂರರು ಇಪ್ಪತ್ತರ ಹರೆಯದಲ್ಲಿ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು, ‘ಪ್ರಕೃತಿರ ಪ್ರತಿಶೋಧ’ ಎಂಬ ನಾಟಕವನ್ನು ಇಲ್ಲಿಯೇ ಬರೆದರು. ಅದು 1884ರಲ್ಲಿ ಅಚ್ಚಾಯಿತು. ಊರೆಲ್ಲ ಮುಟ್ಟಲೊಲ್ಲದ ಅನಾಥ ಬಾಲೆಯೊಬ್ಬಳು ಅದರಲ್ಲಿ ಸಂನ್ಯಾಸಿಯೊಬ್ಬನ ಆಸರೆ ಬೇಡುತ್ತಾಳೆ. ಅವನು ಮೊದಲು ಸೇರಿಸಿಕೊಂಡು, ಆಮೇಲೆ ಬಂಧನಕ್ಕಂಜಿ ತೊರೆದು ಹೋಗುತ್ತಾನೆ. ಪಶ್ಚಾತ್ತಾಪಪಟ್ಟು ಹಿಂದಿರುಗಿ ಹುಡುಕುವ ವೇಳೆಗೆ ಆ ಬಾಲೆ ಬದುಕಿಲ್ಲ.

ಕ್ಷಮಿಸುವವರಿಗೂ ಕಾಲ ಕಾಯುವುದಿಲ್ಲ. ಮಣೆ ಹಾಕುವುದಾದರೆ, ಉಣ್ಣುವವನು ಇರುವಾಗಲೇ ಹಾಕಬೇಕು.