ಹಾಯಿದೋಣಿಯಲ್ಲಿ ಇಕ್ಕೇರಿಯ ಹಾದಿ

ಕಾಗದನಗರದ ಮಗ್ಗುಲಲ್ಲಿ ಹರಿಯುವ ಭದ್ರೆಯ ಸ್ವಭಾವವೇ ವಿಚಿತ್ರ. ನೇರವಾಗಿ ಅಳೆದರೆ ಪಡುಗಡಲು ಸುಮಾರು 110 ಕಿಲೋಮೀಟರು ದೂರ. ಆದರೂ ಆಕೆ ಅತ್ತ ಮುಖ ತಿರುಗಿಸುವುದಿಲ್ಲ. ಕೂಡಲಿಯಲ್ಲಿ ತುಂಗೆಯ ಕೈಹಿಡಿದು, ಕೃಷ್ಣೆಯನ್ನು ಸೇರಿ, ದಕ್ಷಿಣಾಪಥವನ್ನೆಲ್ಲ ದಾಟಿ ಬಂಗಾಳ ಉಪಸಾಗರಕ್ಕೆ ಹೋಗಿ ಬೀಳುತ್ತಾಳೆ. ಅದೇ ಜಿಲ್ಲೆಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯಾದರೋ ಅವಸರದ ಹುಡುಗಿ. ಜೋಗದಲ್ಲಿ 253 ಮೀಟರು ಧುಮುಕಿ, 128 ಕಿಲೋಮೀಟರುಗಳಲ್ಲಿಯೇ ತನ್ನ ಪಯಣವನ್ನು ಮುಗಿಸಿ ಹೊನ್ನಾವರದಲ್ಲಿ ಕಡಲಿಗಿಳಿಯುತ್ತಾಳೆ. ರೈಲೂ ಮೋಟಾರೂ ಇಲ್ಲದ ಕಾಲದಲ್ಲಿ ಮಲೆನಾಡಿಗಿದ್ದ ಸಮುದ್ರದ ಬಾಗಿಲುಗಳಲ್ಲಿ ಅದೊಂದು. 1623ರ ಅಕ್ಟೋಬರ್ ತಿಂಗಳಿನಲ್ಲಿ ಆ ಬಾಗಿಲನ್ನು ತಟ್ಟಿದವನು ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ.

ಈತನು ವ್ಯಾಪಾರಿಯಲ್ಲ, ಪಾದ್ರಿಯಲ್ಲ, ಸೈನಿಕನೂ ಅಲ್ಲ. 1586ರಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿ, ದೇಶಗಳನ್ನು ನೋಡುವ ಹಂಬಲದಿಂದ 1614ರಲ್ಲಿ ವೆನಿಸ್ ನಗರದಿಂದ ಹಡಗನ್ನೇರಿದವನು. ಬಾಗ್ದಾದಿನಲ್ಲಿ ಮಾನಿ ಎಂಬ ಕನ್ಯೆಯನ್ನು ಮೆಚ್ಚಿ ವಿವಾಹವಾದನು. ಐದು ವರ್ಷಗಳ ದಾಂಪತ್ಯದ ಅನಂತರ, 1621ರ ಕೊನೆಯಲ್ಲಿ, ಆಕೆ ಹೊರ್ಮುಜ್ ಸಮೀಪದಲ್ಲಿ ಜ್ವರದಿಂದ ತೀರಿಕೊಂಡಳು. ಪರದೇಶದ ಮಣ್ಣಿನಲ್ಲಿ ಪತ್ನಿಯನ್ನು ಬಿಟ್ಟುಹೋಗಲು ಅವನ ಮನಸ್ಸು ಒಪ್ಪಲಿಲ್ಲ. ದೇಹವು ಕೆಡದಂತೆ ಲೇಪನ ಮಾಡಿಸಿ ಪೆಟ್ಟಿಗೆಯಲ್ಲಿರಿಸಿದನು. ಹಡಗಿನಲ್ಲಿ ಶವವಿದ್ದರೆ ಕೇಡೆಂದು ನಾವಿಕರು ಅಂಜುವರಾದ್ದರಿಂದ ಅದನ್ನು ಸಾಮಾನುಗಳ ನಡುವೆ ಅಡಗಿಸಿ ಭಾರತಕ್ಕೆ ತಂದನು. ಇಂತಹ ಭಾರವನ್ನು ಹೊತ್ತವನಿಗೂ ಊರು ಕೇರಿಗಳನ್ನು ನೋಡುವ ಕುತೂಹಲ ಬತ್ತಲಿಲ್ಲವೆಂಬುದು ಆಶ್ಚರ್ಯವೇ ಸರಿ.

ಗೋವೆಯ ಪೋರ್ಚುಗೀಸ್ ವೈಸರಾಯನು ಆಗ ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ರಾಯಭಾರಿಯೊಬ್ಬನನ್ನು ಕಳುಹಿಸುತ್ತಿದ್ದನು. ಮಂಗಳೂರಿನ ಬಳಿಯ ಬಂಗ ಅರಸನು ಪೋರ್ಚುಗೀಸರ ಮಿತ್ರ. ಅವನ ನಾಡು ನಾಯಕನ ವಶವಾಗಿತ್ತು. ಅದನ್ನು ಬಿಡಿಸಬೇಕು, ಆದರೆ ನಾಯಕನ ಮುನಿಸನ್ನೂ ಕಟ್ಟಿಕೊಳ್ಳಬಾರದು. ಏಕೆಂದರೆ ಕರಿಮೆಣಸು ಅವನ ಕೈಯಲ್ಲಿತ್ತು! ಹಿಂದೂ ಅರಸನೊಬ್ಬನ ಆಸ್ಥಾನವನ್ನು ಕಣ್ಣಾರೆ ಕಾಣಬೇಕೆಂದು ದೆಲ್ಲಾ ವಾಲ್ಲೆಯು ಆ ರಾಯಭಾರಿಯ ಜೊತೆಗೂಡಿದನು.

ಮಳೆಗಾಲದಲ್ಲಿ ಈ ಕರಾವಳಿಯಲ್ಲಿ ಹಾಯಿ ಬಿಚ್ಚುವಂತಿಲ್ಲ. ನೈರುತ್ಯದ ಗಾಳಿ ದೋಣಿಯನ್ನು ದಡದ ಬಂಡೆಗಳತ್ತಲೇ ನೂಕುತ್ತದೆ; ನದಿಗಳ ಅಳಿವೆಯಲ್ಲಿ ಇಳಿನೀರೂ ತೆರೆಯೂ ಎದುರೆದುರಾಗಿ ಹೊಡೆದಾಡುತ್ತವೆ. ಮಳೆ ಹಿಂದೆಗೆದ ಮೇಲೆ ಕಡಲಿನ ಗುಣವೇ ಬೇರೆ. ಹಗಲು ಬಿಸಿಲಿಗೆ ನೆಲವು ನೀರಿಗಿಂತ ಬೇಗನೆ ಕಾಯುವುದರಿಂದ ಮಧ್ಯಾಹ್ನದ ಹೊತ್ತಿಗೆ ಗಾಳಿ ಕಡಲಿನಿಂದ ದಡಕ್ಕೆ ಬೀಸುತ್ತದೆ. ರಾತ್ರಿ ನೆಲವು ಬೇಗನೆ ತಣಿದು, ನಸುಕಿನ ತನಕವೂ ಘಟ್ಟದ ಕಡೆಯಿಂದ ಕಡಲಿಗೆ ತಂಗಾಳಿ ಇಳಿಯುತ್ತದೆ. ಬಲ್ಲ ತಂಡೇಲನು ಕತ್ತಲಿರುವಾಗಲೇ ಲಂಗರನ್ನೆತ್ತಿ, ಬೆಟ್ಟದ ಗಾಳಿಯನ್ನು ಹಾಯಿಗೆ ತುಂಬಿಕೊಂಡು ಹೊರಗೆ ಸರಿಯುವನು. ನಡುಹಗಲು ಎರಡು ಗಾಳಿಗಳೂ ಬಿದ್ದಾಗ ಸುಮ್ಮನಿದ್ದು, ವಾಯುವ್ಯದಿಂದ ಕಡಲಗಾಳಿ ಎದ್ದೊಡನೆ ತೆಂಕಣಕ್ಕೆ ಓಡಿಸುವನು. ಮಂಗಳೂರು ಹೆಂಚನ್ನು ಮುಂಬಯಿಗೆ ಸಾಗಿಸಿದ ಮಂಜಿ, ಪತ್ತೇಮಾರಿಗಳ ತಂಡೇಲರಿಗೂ ಈ ಲೆಕ್ಕವೇ ಆಧಾರವಾಗಿತ್ತು. ಇಂದು ವಿನೋದಕ್ಕಾಗಿ ಸಣ್ಣ ಹಾಯಿದೋಣಿಯಲ್ಲಿ ಕಾರವಾರದಿಂದ ಮಲ್ಪೆಯವರೆಗೆ ಹೋಗಬಯಸುವವನಿಗೂ ಬೇರೆ ಪಂಚಾಂಗವಿಲ್ಲ. ಯಂತ್ರವೊಂದು ಜೊತೆಗಿರುತ್ತದೆ, ಅಷ್ಟೇ.

ಗೋವೆಯಿಂದ ಹೊನ್ನಾವರದ ದಾರಿಯೂ ಬೇಸರದ್ದಲ್ಲ. ಕಾಳಿಯ ಮುಖದಲ್ಲಿರುವ ಕಾರವಾರ, ಅಂಜದೀವ, ಗಂಗಾವಳಿ, ಗೋಕರ್ಣದ ಗುಡ್ಡ, ಅಘನಾಶಿನಿಯ ತದಡಿ, ಇವೆಲ್ಲ ಒಂದರ ಹಿಂದೊಂದು ಎಡಗಡೆಗೆ ಬಂದು ಸರಿದುಹೋಗುತ್ತವೆ. ಹಿನ್ನೆಲೆಗೆ ಸಹ್ಯಾದ್ರಿಯ ನೀಲಿ ಗೋಡೆ. ಆ ಕಾಲದಲ್ಲಿ ಮಲಬಾರಿನ ಕಡಲುಗಳ್ಳರ ಹೆದರಿಕೆಯಿತ್ತು. ಒಂಟಿ ದೋಣಿಯಾಗಿ ಹೊರಡುವ ಧೈರ್ಯ ಯಾರಿಗೂ ಇರಲಿಲ್ಲ. ದಡವನ್ನು ಕಣ್ಣಳತೆಯಲ್ಲಿಟ್ಟುಕೊಂಡು ಗುಂಪಾಗಿ ಸಾಗುತ್ತಿದ್ದರು. ದೆಲ್ಲಾ ವಾಲ್ಲೆಯು ಅಕ್ಟೋಬರ್ ನಡುವಿನಲ್ಲಿ ಹೊನ್ನಾವರವನ್ನು ಸೇರಿ ಪೋರ್ಚುಗೀಸರ ಕೋಟೆಯ ಊರಿನಲ್ಲಿ ತಂಗಿದನು.

ಮುಂದಿನದು ನದಿಯ ಪಯಣ. ಕಡಲಿನ ಉಬ್ಬರವು ಶರಾವತಿಯೊಳಕ್ಕೆ ಬಹುದೂರ ಏರುತ್ತದೆ. ಅದರ ಬೆನ್ನೇರಿದ ಸಣ್ಣ ದೋಣಿಗೆ ಹುಟ್ಟಿನ ಶ್ರಮ ಅರ್ಧ ಉಳಿಯಿತೆಂದೇ ಎಣಿಸಬಹುದು. ಇಕ್ಕೆಲಗಳಲ್ಲಿ ತೆಂಗು, ಅಡಕೆ, ನಡುನಡುವೆ ಹಸುರು ಕುರುವೆಗಳು. ಯೂರೋಪು ಏಷ್ಯಾಗಳ ಹಲವು ನದಿಗಳನ್ನು ಕಂಡಿದ್ದ ಈ ಪ್ರವಾಸಿಯು ಶರಾವತಿಯ ಚೆಲುವನ್ನು ಮನಸಾರೆ ಹೊಗಳಿದ್ದಾನೆ. ಗೇರುಸೊಪ್ಪೆಯಲ್ಲಿ ದೋಣಿ ನಿಂತಿತು. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ರಾಜಧಾನಿ ಅಷ್ಟರಲ್ಲಾಗಲೇ ಹಾಳುಬಿದ್ದಿತ್ತು. ಅಲ್ಲಿಂದ ಘಟ್ಟವನ್ನೇರುವಾಗ ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ಮರಳನ್ನು ಹರಡಿ, ರಾಗವಾಗಿ ಹೇಳುತ್ತ, ಬೆರಳಿನಿಂದ ಬರೆಯುತ್ತ ಲೆಕ್ಕ ಕಲಿಯುತ್ತಿದ್ದರು. ಕಾಗದವು ವ್ಯರ್ಥವಾಗದ ಈ ಪಾಠಕ್ರಮವು ಅವನಿಗೆ ಬಹಳ ಹಿಡಿಸಿತು. ಕಾಗದನಗರದ ವಾಚಕರು ಇದನ್ನೋದಿ ಮುಗುಳ್ನಗಬಹುದು!

ಇಕ್ಕೇರಿಯ ದರ್ಬಾರಿನಲ್ಲಿ ಉಡುಗೊರೆ, ಉಪಚಾರಗಳಿಗೆ ಕೊರತೆಯಾಗಲಿಲ್ಲ. ಆದರೆ ಬಂಗನ ನಾಡನ್ನು ಹಿಂದಿರುಗಿಸಲು ನಾಯಕನು ಒಪ್ಪಲಿಲ್ಲ. ದೆಲ್ಲಾ ವಾಲ್ಲೆಯ ಮನಸ್ಸನ್ನು ಕಲಕಿದ್ದು ರಾಜಕಾರ್ಯವಲ್ಲ, ಒಬ್ಬ ಹೆಂಗಸು. ಅವಳು ತೆಲುಗು ಸೀಮೆಯವಳು, ನಗಾರಿ ಬಾರಿಸುವವನ ಮಡದಿ. ಅವನ ಬರಹದಲ್ಲಿ ಆಕೆಯ ಹೆಸರು ‘ಜಾಕ್ಕಮಾ’ ಎಂದಿದೆ, ಜಕ್ಕಮ್ಮ ಎಂದಿರಬೇಕು. ಗಂಡ ಸತ್ತಿದ್ದನು, ಆಕೆ ಚಿತೆಯೇರಲು ನಿಶ್ಚಯಿಸಿದ್ದಳು. ಅವನು ಆಕೆಯ ಮನೆಗೇ ಹೋಗಿ, ಎಳೆಯ ಮಕ್ಕಳನ್ನು ನೆನಪಿಸಿ, ಬೇಡವೆಂದು ದುಭಾಷಿಯ ಮೂಲಕ ಪರಿಪರಿಯಾಗಿ ಹೇಳಿದನು. ಆಕೆ ನಗುನಗುತ್ತಲೇ ಮಾತನಾಡಿದಳು. ಯಾರ ಬಲವಂತವೂ ಇಲ್ಲ, ತನ್ನದೇ ಇಚ್ಛೆ ಎಂದಳು. ಸತ್ತ ಪತ್ನಿಯನ್ನು ಬಿಡಲಾರದೆ ದೇಶದೇಶಗಳಲ್ಲಿ ಹೊತ್ತು ತಿರುಗುತ್ತಿದ್ದವನು, ಸತ್ತ ಗಂಡನನ್ನು ಬಿಟ್ಟು ಬದುಕೆಂದು ಆಕೆಗೆ ಹೇಳಬೇಕಾಗಿತ್ತು. ಕಡೆಗೆ ಆಕೆಯ ಹೆಸರನ್ನು ತನ್ನ ಬರಹದಲ್ಲಿ ಉಳಿಸುವೆನೆಂದು ಮಾತುಕೊಟ್ಟು ಎದ್ದುಬಂದನು. ಆ ಮಾತೊಂದನ್ನು ಉಳಿಸಿಕೊಂಡನು.

ಘಟ್ಟವಿಳಿದು ಬಸರೂರು, ಮಂಗಳೂರುಗಳ ಕಡೆಗೆ ಹೋದಾಗ ಉಳ್ಳಾಲದ ರಾಣಿ ಎದುರಾದುದು ಬೀದಿಯಲ್ಲಿ! ಹೊಲಗದ್ದೆಗಳ ಅಗೆತದ ಕೆಲಸವನ್ನು ನೋಡಲು ಬರಿಗಾಲಿನಲ್ಲಿ, ಸಾಧಾರಣ ಬಟ್ಟೆಯುಟ್ಟು ನಡೆದು ಬರುತ್ತಿದ್ದ ಆಕೆಯನ್ನು ನೋಡಿ ಅಡಿಗೆಯವಳೆಂದೇ ಎಣಿಸಬಹುದಾಗಿತ್ತಂತೆ. ಬಾಯಿ ತೆರೆದಾಗ ಮಾತ್ರ ರಾಣಿಯ ಗಾಂಭೀರ್ಯ ತಿಳಿಯಿತಂತೆ. ಅಲ್ಲಿಂದ ಕಲ್ಲಿಕೋಟೆಯವರೆಗೂ ಹೋಗಿ, ಕರಾವಳಿಯನ್ನೇ ಹಿಡಿದು ಗೋವೆಗೆ ಮರಳಿದನು. ಮಾನಿಯ ಪೆಟ್ಟಿಗೆ ರೋಮ್ ತಲುಪಿದ್ದು 1626ರಲ್ಲಿ. ಅವನ ಮನೆತನದ ಸಮಾಧಿಯಲ್ಲಿ ಆಕೆಗೆ ನೆಲೆ ದೊರಕಿತು.

ಹಳೆಯ ನೌಕೆಗಳ ನೆನಪು ಇತ್ತೀಚೆಗೆ ಮತ್ತೆ ಚಿಗುರಿದೆ. ಐದನೆಯ ಶತಮಾನದ ಅಜಂತಾ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗನ್ನು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿಸಲಾಯಿತು. ದೆಲ್ಲಾ ವಾಲ್ಲೆಯು ತಂಗಿದ್ದ ಹೊನ್ನಾವರದ ಕೋಟೆಯಾದರೋ ಪೋರ್ಚುಗೀಸರ ಕೈಯಲ್ಲಿ ಬಹುಕಾಲ ಉಳಿಯಲಿಲ್ಲ. 1650ರ ದಶಕದಲ್ಲಿ ಅದನ್ನು ಕಸಿದುಕೊಂಡವನು, ಶಿವಮೊಗ್ಗೆಯಲ್ಲಿ ಯಾರ ಹೆಸರಿನ ಅರಮನೆಯನ್ನು ಶಾಲೆಯ ಮಕ್ಕಳು ಇಂದು ಸಾಲುಗಟ್ಟಿ ನೋಡಿಬರುತ್ತಾರೆಯೋ, ಆ ಶಿವಪ್ಪ ನಾಯಕ.