ದಿನವಿಶೇಷ: ಜನವರಿ ೨೬

ಓರ್ವ ವಾಚಕ ಭಗಿನಿಯು ಬರೆದ ಕಾಗದದಲ್ಲಿ ಒಂದು ಪ್ರಶ್ನೆಯಿದೆ. ಜನವರಿ ೨೬ರಂದು ಶಾಲೆಯಲ್ಲಿ ಧ್ವಜವಂದನೆಯಾಗಿ ಮಕ್ಕಳಿಗೆ ಪೇಢೆ ಹಂಚುತ್ತಾರೆ. ಅದೇ ದಿವಸ ಸಂಗೊಳ್ಳಿ ರಾಯಣ್ಣನು ಗಲ್ಲಿಗೇರಿದನೆಂದು ಮನೆಯ ಹಿರಿಯರು ಹೇಳುತ್ತಾರೆ. ಒಂದೇ ದಿನ ಸಿಹಿಯೂ ಶೋಕವೂ ಹೇಗೆ ಕೂಡಿಯಾವು? ರಾಯಣ್ಣನ ಸ್ಮರಣೆಯನ್ನು ತಿಥಿಯಂತೆ ಬೇರೊಂದು ದಿನ ಮಾಡಬಾರದೇ? ಕೇಳಿದ್ದು ಮಕ್ಕಳ ಸಲುವಾಗಿ. ಆದರೆ ಉತ್ತರವು ದೊಡ್ಡವರಿಗೂ ಬೇಕಾದದ್ದು.

ಮೊದಲು ಇತಿಹಾಸವನ್ನು ನೋಡೋಣ. ೧೮೨೪ರ ಅಕ್ಟೋಬರ ೨೩ರಂದು ಕಿತ್ತೂರ ಕೋಟೆಯ ಮುಂದೆ ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಮಡಿದನು. ಡಿಸೆಂಬರದಲ್ಲಿ ಕುಂಪಣಿಯ ದಂಡು ಮರಳಿ ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿಯೇ ೧೮೨೯ರಲ್ಲಿ ದೇಹವಿಟ್ಟಳು. ಅರಸರ ದತ್ತಪುತ್ರನನ್ನು ಗಾದಿಗೆ ತರಬೇಕೆಂದು ರೈತರನ್ನೂ ಓಲೆಕಾರರನ್ನೂ ಕಟ್ಟಿಕೊಂಡು ಕಾದಿದವನು ರಾಯಣ್ಣ. ಸ್ವಜನರ ದ್ರೋಹದಿಂದ ೧೮೩೦ರಲ್ಲಿ ಸೆರೆಸಿಕ್ಕು, ೧೮೩೧ನೆಯ ಇಸವಿ ಜನವರಿ ೨೬, ಬುಧವಾರ, ನಂದಗಡದಲ್ಲಿ ಗಲ್ಲಿಗೇರಿದನು. ಅಳ್ನಾವರದ ರೈಲುದಾರಿಯ ಮೇಲಿರುವ ನಮ್ಮ ಮುಗದಕ್ಕೆ ಆ ಊರು ಬಹು ದೂರದ್ದಲ್ಲ. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಇಂದಿಗೂ ಜನರು ಕೈಮುಗಿಯುತ್ತಾರೆ.

ಇನ್ನು ಧ್ವಜದ ಸಂಗತಿ. ೧೯೨೯ರ ಡಿಸೆಂಬರದಲ್ಲಿ ಲಾಹೋರದಲ್ಲಿ ಕೂಡಿದ ಕಾಂಗ್ರೆಸ್ಸು ಪೂರ್ಣಸ್ವರಾಜ್ಯದ ಠರಾವನ್ನು ಮಾಡಿತು. ಅದರ ಪ್ರತಿಜ್ಞೆಯನ್ನು ದೇಶವೆಲ್ಲ ಓದಿದ್ದು ೧೯೩೦ರ ಜನವರಿ ೨೬ರಂದು, ಅಂದು ರವಿವಾರ. ಮುಂದೆ ಸಂವಿಧಾನವನ್ನು ೧೯೪೯ರ ನವೆಂಬರ ೨೬ರಂದೇ ಅಂಗೀಕರಿಸಿದರೂ, ಆ ಹಳೆಯ ಪ್ರತಿಜ್ಞೆಯ ನೆನಪನ್ನು ಉಳಿಸುವದಕ್ಕಾಗಿ ಎರಡು ತಿಂಗಳು ತಡೆದು ೧೯೫೦ರ ಜನವರಿ ೨೬ರಂದು ಅದನ್ನು ಜಾರಿಗೆ ತಂದರು. ಈ ದಿನವನ್ನು ಹಿರಿಯರು ಆರಿಸಿದರು. ರಾಯಣ್ಣನ ದಿನವನ್ನು ನಮ್ಮವರಾರೂ ಆರಿಸಲಿಲ್ಲ. ಅದನ್ನು ಕುಂಪಣಿ ಸರಕಾರವು ನೇಮಿಸಿತು. ಎರಡೂ ಒಂದೇ ತಾರೀಖಿಗೆ ಬಂದು ನಿಂತಿರುವದು ಕಾಕತಾಲೀಯ. ಆದರೂ ನಂದಗಡದ ಕಡೆಯವರು ಅದನ್ನು ಬರಿಯ ಕಾಕತಾಲೀಯವೆಂದು ಒಪ್ಪಲಾರರು. ಒಪ್ಪಬೇಕೆಂದು ನಾನೂ ಹಟ ಹಿಡಿಯುವದಿಲ್ಲ.

ತಿಥಿಯಂತೆ ಮಾಡಿದರೆ ಏನಾಗುವದು? ಆ ಬುಧವಾರವು ಮಾಘ ಶುದ್ಧದಲ್ಲಿ, ಭಾರತಹುಣ್ಣಿಮೆಗೆ ಸಮೀಪವಾಗಿ ಬಂದಿತ್ತು. ಚಾಂದ್ರವರ್ಷಕ್ಕೆ ೩೫೪ ದಿನಗಳು. ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಆ ಕೊರತೆಯನ್ನು ಅಧಿಕಮಾಸವು ತುಂಬುತ್ತದೆ. ಆದುದರಿಂದ ತಿಥಿಯು ತಾರೀಖಿನ ಹಿಂದೆ ಮುಂದೆ ಸರಿಯುತ್ತಲೇ ಇರುತ್ತದೆ. ೨೦೧೫ರಲ್ಲಿ ಜನವರಿ ೨೬ಕ್ಕೆ ರಥಸಪ್ತಮಿ ಬಂದಿತ್ತು. ೨೦೦೪ರಲ್ಲಿ ವಸಂತಪಂಚಮಿ, ಹತ್ತೊಂಬತ್ತು ವರ್ಷ ಕಳೆದು ೨೦೨೩ರಲ್ಲಿ ಮರಳಿ ಅದೇ ಪಂಚಮಿ. (ಹತ್ತೊಂಬತ್ತು ವರ್ಷಕ್ಕೊಮ್ಮೆ ತಿಥಿ ತಾರೀಖುಗಳು ಹೆಚ್ಚುಕಡಿಮೆ ಒಂದುಗೂಡುವದನ್ನು ಹಳೆಯ ಪಂಚಾಂಗಗಳನ್ನು ಕಾದಿಟ್ಟ ಮನೆಯವರು ತಾವೇ ನೋಡಬಹುದು.) ನನ್ನ ಮತವಿಷ್ಟು: ಶ್ರಾದ್ಧವು ಕುಲದವರ ಕರ್ತವ್ಯ, ಅದಕ್ಕೆ ತಿಥಿಯೇ ಬೇಕು. ನಾಡಿನ ಸ್ಮರಣೆಗೆ ನಾಡೆಲ್ಲ ಅರಿತ ತಾರೀಖು ಒಳಿತು.

ಇದೇ ದಿನಕ್ಕೆ ಕ್ರೈಸ್ತ ಬಾಂಧವರ ಪಂಚಾಂಗದಲ್ಲಿಯೂ ಒಂದು ವಿಶೇಷವಿದೆ. ನಮ್ಮ ಪ್ರಶ್ನೆಗೆ ಅದು ಬಹಳ ಹತ್ತಿರದ್ದು. ರೋಮಿನ ಚರ್ಚು ಈಗ ಜನವರಿ ೨೬ರಂದು ಸಂತ ಪೌಲನ ಶಿಷ್ಯರಾದ ತಿಮೊಥಿ, ತೀತರನ್ನು ಸ್ಮರಿಸುತ್ತದೆ. ಆದರೆ ೧೯೬೯ರ ತಿದ್ದುಪಡಿಯವರೆಗೆ ಅದು ಸಂತ ಪಾಲಿಕಾರ್ಪನ ಹಬ್ಬವಾಗಿತ್ತು. ಆಮೇಲೆ ಅವನ ಹಬ್ಬವನ್ನು ಫೆಬ್ರುವರಿ ೨೩ಕ್ಕೆ ಒಯ್ದರು. ರಾಯಣ್ಣನನ್ನು ಗಲ್ಲಿಗೇರಿಸಿದ ದಿವಸ ಆ ಚರ್ಚಿನ ಪಂಚಾಂಗದಲ್ಲಿ ಇದ್ದದ್ದು ಪಾಲಿಕಾರ್ಪನ ಹೆಸರೇ. ಇವನು ಈಗಿನ ತುರ್ಕಸ್ಥಾನದ ಸ್ಮಿರ್ನಾ ಪಟ್ಟಣದ ವೃದ್ಧ ಧರ್ಮಾಧ್ಯಕ್ಷ. ಎರಡನೆಯ ಶತಮಾನದ ಮಧ್ಯದಲ್ಲಿ ರೋಮಿನ ಅಧಿಕಾರಿಗಳು, ತನ್ನ ಸ್ವಾಮಿಯನ್ನು ತೊರೆಯಲೊಲ್ಲದ ಈ ಮುದುಕನನ್ನು ಜನರ ಮುಂದೆ ಕೊಲ್ಲಿಸಿದರು. ಅವನ ಕಡೆಯವರು ಎಲುಬುಗಳನ್ನು ಆಯ್ದುಕೊಂಡು ಹೋಗಿ, ಪ್ರತಿವರ್ಷ ಆ ದಿವಸ ಕೂಡಿ ಸಂತೋಷದಿಂದ ಸ್ಮರಿಸುವೆವೆಂದು ನೆರೆಯ ಸಭೆಗೆ ಪತ್ರ ಬರೆದರು. ಆ ಪತ್ರದಲ್ಲಿ ಸಾವಿನ ದಿನವನ್ನು ಅವರು ಕರೆದದ್ದು ಜನ್ಮದಿನವೆಂದು.

ನಮಗೆ ಇದು ಹೊಸದಲ್ಲ. ಶ್ರೀ ರಾಘವೇಂದ್ರಸ್ವಾಮಿಗಳು ೧೬೭೧ರಲ್ಲಿ ಬೃಂದಾವನಸ್ಥರಾದ ಶ್ರಾವಣ ಬಹುಳ ದ್ವಿತೀಯೆಯಂದು ಮಂತ್ರಾಲಯದಲ್ಲಿ ಅಳುವವರುಂಟೇ? ಅಂದು ಮಧ್ಯಾರಾಧನೆ, ಪಂಕ್ತಿಯಲ್ಲಿ ಪಾಯಸ. ಯತಿಗಳಿಗೆ ಸಲ್ಲುವ ಈ ಮರ್ಯಾದೆಯು ಕತ್ತಿ ಹಿಡಿದ ರಾಯಣ್ಣನಿಗೆ ಸಲ್ಲದೆಂದು ಧರ್ಮಶಾಸ್ತ್ರ ಬಲ್ಲ ಯಾರಾದರೂ ಆಕ್ಷೇಪಿಸಬಹುದು. ಅಂಥವರು ಒಮ್ಮೆ ನಂದಗಡದ ಆಲದ ಕೆಳಗೆ ನಿಂತು ಆಕ್ಷೇಪಿಸಲಿ.

ಆದುದರಿಂದ, ಅಮ್ಮಾ, ಪೇಢೆಯನ್ನು ತಡೆಯಬೇಡಿರಿ. ಅಂದು ಬೆಳಿಗ್ಗೆ ಮಗುವಿಗೆ ಅಂಗಿಯ ಗುಂಡಿ ಹಾಕುವಾಗ ೧೯೫೦ರ ಸಂಗಡ ೧೮೩೧ನ್ನೂ ಹೇಳಿರಿ. ಶಾಲೆಯ ಭಾಷಣದಲ್ಲಿ ಎರಡನೆಯದು ಬಾರದೆ ಹೋದರೆ, ಕೈಯೆತ್ತಿ ಕೇಳಲು ಮಗುವಿಗೆ ಅಷ್ಟು ಸಾಕು.